ಬೆರಳಚ್ಚು ಲಂಡನ್ನಿನದಾ, ಕಲ್ಕತ್ತೆಯದಾ? ಮಕ್ಕಳ ಪ್ರದರ್ಶನಕ್ಕೆ ಫೊರೆನ್ಸಿಕ್ ಚರಿತ್ರೆ ಬೇಕು

ಕ್ಯಾತ್ಸಂದ್ರ ಮೇಷ್ಟ್ರು
ತುಮಕೂರಲ್ಲಿ ಹೈಸ್ಕೂಲು ಮಕ್ಕಳ ವಿಜ್ಞಾನ ವಸ್ತುಪ್ರದರ್ಶನ ಇದೆ. ‘ಅಪರಾಧ ಪತ್ತೆಯಲ್ಲಿ ವಿಜ್ಞಾನ’ ಅಂತ ಮೂರು ಟೇಬಲ್: ಬೆರಳಚ್ಚು, ವಿಷ, ರಕ್ತ. ಹುಡುಗರು ಚಾರ್ಟ್ ಬರೆದು ತಂದಿದ್ದಾರೆ. ಅದರಲ್ಲಿ ‘1901ರಲ್ಲಿ ಲಂಡನ್ ಪೊಲೀಸರು ಬೆರಳಚ್ಚು ಪದ್ಧತಿ ಕಂಡುಹಿಡಿದರು’ ಅಂತಿದೆ. ‘1836ರಲ್ಲಿ ಮಾರ್ಷ್ ಎಂಬಾತ ಆರ್ಸೆನಿಕ್ ಕಂಡುಹಿಡಿದ’ ಅಂತಲೂ ಇದೆ! ಎರಡನೆಯದು ತಪ್ಪು ಅಂತ ಗೊತ್ತು, ಮೊದಲನೆಯದು ಸರಿನಾ? ಆಮೇಲೆ ಬಂದ ಜನಕ್ಕೆ ಕೈಯಾರೆ ಏನು ಮಾಡಿ ತೋರಿಸಬಹುದು? ಬೆಂಕಿ, ಆಸಿಡ್ ಬೇಡ ಅಂತ ಹೆಡ್‌ಮಿಸ್ಸು ಮೊದಲೇ ಹೇಳಿಬಿಟ್ಟಿದ್ದಾರೆ.

ಹೆಬ್ಬೆಟ್ಟು ಕೋಲಾರ
ಮೇಷ್ಟ್ರೇ, ಮೊದಲನೆಯದೂ ತಪ್ಪೇ. 1901ರಲ್ಲಿ ಲಂಡನ್ ಪೊಲೀಸರ ಕೇಂದ್ರ ಕಚೇರಿ ಸ್ಕಾಟ್ಲೆಂಡ್ ಯಾರ್ಡಿನಲ್ಲಿ ಬೆರಳಚ್ಚು ವಿಭಾಗ ಶುರುವಾಯ್ತು, ಅಷ್ಟೇ. ಅದಕ್ಕೆ ನಾಲ್ಕು ವರ್ಷ ಮುಂಚೆ, 1897ರಲ್ಲೇ, ಕಲ್ಕತ್ತೆಯಲ್ಲಿ ಬೆರಳಚ್ಚು ಬ್ಯೂರೋ ಇತ್ತು. ಪ್ರಪಂಚದಲ್ಲೇ ಮೊದಲನೆಯದು.

ಇನ್ನೂ ಹಿಂದಕ್ಕೆ ಹೋಗಬೇಕಾದರೆ 1858. ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷಲ್ ಅಂತ ಬ್ರಿಟಿಷ್ ಅಧಿಕಾರಿ ಇದ್ದ. ರಸ್ತೆಗೆ ಜಲ್ಲಿ ಒದಗಿಸುವ ಕರಾರಿಗೆ ರಾಜ್ಯಧರ ಕೊನಾಯಿ ಅನ್ನೋ ಗುತ್ತಿಗೆದಾರನ ಪೂರ್ತಿ ಅಂಗೈಯನ್ನೇ ಒತ್ತಿಸಿಕೊಂಡ. ಹರ್ಷಲ್‌ಗೆ ಆಗ ವಿಜ್ಞಾನ ಗಿಜ್ಞಾನ ಏನೂ ಬೇಕಿರಲಿಲ್ಲ. ನಾಳೆ ‘ಈ ರುಜು ನನ್ನದಲ್ಲ’ ಅನ್ನದಿರಲಿ ಅಂತ ಹೆದರಿಸೋಕೆ ಮಾಡಿದ್ದು. 1877ರ ಹೊತ್ತಿಗೆ ಹೂಗ್ಲಿಯಲ್ಲಿ ಪಿಂಚಣಿಗೆ, ನೋಂದಣಿಗೆ ಬೆರಳು ಒತ್ತಿಸೋಕೆ ಶುರು ಮಾಡಿದ. ಇವತ್ತು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತುತ್ತೀವಲ್ಲ, ಅದರ ಬೇರು ಅಲ್ಲಿದೆ.

ಅಪರಾಧಿಗಳನ್ನ ಹುಡುಕೋ ಪದ್ಧತಿ ಆಗಿದ್ದು ಎಡ್ವರ್ಡ್ ಹೆನ್ರಿ ಬಂಗಾಳದ ಪೊಲೀಸ್ ಐಜಿ ಆಗಿದ್ದಾಗ. ಬೆರಳಚ್ಚುಗಳನ್ನ ವಿಂಗಡಿಸಿಡೋ ವರ್ಗೀಕರಣದ ತಲೆನೋವಿನ ಕೆಲಸ ಮಾಡಿದವರು ಇಬ್ಬರು ಸಬ್ ಇನ್‌ಸ್ಪೆಕ್ಟರುಗಳು, ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಜಗತ್ತು ಅದನ್ನ ಇವತ್ತಿಗೂ ‘ಹೆನ್ರಿ ಪದ್ಧತಿ’ ಅಂತಲೇ ಕರೆಯೋದು.

ಗುಬ್ಬಿ ಗುರು
ಲೆಕ್ಕ ಹಾಕಿದವನು ಗುಮಾಸ್ತ, ಸಹಿ ಸಾಹೇಬರದ್ದು. ಹೊಸದೇನಿದೆ ಬಿಡಿ.

ಮುಳಬಾಗಿಲು ವಕೀಲ
@ಗುಬ್ಬಿ ಗುರು ಹಾಗಂತ ಪೂರ್ತಿ ಅನ್ಯಾಯ ಅನ್ನೋಕಾಗಲ್ಲ. ತಡವಾಗಿಯಾದರೂ ಹಕ್‌ಗೆ ಖಾನ್ ಬಹದ್ದೂರ್, ಬೋಸ್‌ಗೆ ರಾಯ್ ಬಹದ್ದೂರ್ ಪದವಿ ಬಂತು, ತಲಾ 5,000 ರೂಪಾಯಿ ಗೌರವಧನವೂ ಬಂತು. ಹೆನ್ರಿಯೇ ಸರ್ಕಾರಕ್ಕೆ ಬರೆದು ಅವರ ಪರ ನಿಂತಿದ್ದ.

ಮೇಷ್ಟ್ರೇ, ಚಾರ್ಟಿನಲ್ಲಿ ‘ಕಲ್ಕತ್ತೆಯೇ ಎಲ್ಲ’ ಅಂತಲೂ ಬರೆಸಬೇಡಿ, ಆ ಕಡೆ ತಪ್ಪಾಗುತ್ತೆ. ಜಪಾನಿನಲ್ಲಿದ್ದ ಡಾಕ್ಟರ್ ಹೆನ್ರಿ ಫಾಲ್ಡ್ಸ್ 1880ರಲ್ಲೇ, ಅಪರಾಧ ನಡೆದ ಜಾಗದ ಬೆರಳ ಗುರುತಿಂದ ಆರೋಪಿಯನ್ನ ಹಿಡಿಯಬಹುದು ಅಂತ ಬರೆದ. 1892ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಗಾಲ್ಟನ್ ಬೆರಳಚ್ಚಿನ ಬಗ್ಗೆ ಬರೆದ ಗ್ರಂಥ ಬಂತು. ಅದೇ ವರ್ಷ ಅರ್ಜೆಂಟೀನಾದಲ್ಲಿ ಹುವಾನ್ ವುಸೆಟಿಚ್ ರೂಪಿಸಿದ ಪದ್ಧತಿಯಿಂದ, ಬಾಗಿಲ ಮೇಲಿದ್ದ ರಕ್ತದ ಬೆರಳಚ್ಚು ಹಿಡಿದು ಒಂದು ಜೋಡಿ ಕೊಲೆ ಪತ್ತೆಯಾಯ್ತು. ಸ್ಪ್ಯಾನಿಷ್ ಮಾತಾಡುವ ದೇಶಗಳು ಇವನ ಪದ್ಧತಿ ಹಿಡಿದವು, ಬ್ರಿಟಿಷ್ ಸಾಮ್ರಾಜ್ಯ ಹೆನ್ರಿಯದ್ದನ್ನ.

ಇನ್ನೊಂದು ದಿನಾಂಕ ಹಾಕಿಸಿ: 1899. ಆ ವರ್ಷದ 5ನೇ ಕಾಯ್ದೆಯಿಂದ ಸಾಕ್ಷ್ಯ ಕಾಯ್ದೆಯ 45ನೇ ಕಲಮಿಗೆ ತಿದ್ದುಪಡಿ ಆಗಿ ಬೆರಳಚ್ಚು ತಜ್ಞರ ಅಭಿಪ್ರಾಯಕ್ಕೆ ಕೋರ್ಟಿನಲ್ಲಿ ಜಾಗ ಸಿಕ್ಕಿತು. ಈಗ ಅದೇ ವಿಷಯ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ.

ಲೆಕ್ಕದ ಮೇಡಂ, ಚಿಂತಾಮಣಿ
ಮಕ್ಕಳಿಗೆ ಹೇಳಿಮಾಡಿಸಿದ್ದು ಆ ವರ್ಗೀಕರಣದ ಲೆಕ್ಕ. ಬೆಂಕಿ ಬೇಡ, ಆಸಿಡ್ ಬೇಡ, ಶಾಯಿ ಸಾಕು.

ಬಲಗೈ ಹೆಬ್ಬೆರಳು 1, ತೋರುಬೆರಳು 2, ಹೀಗೆ ಕಿರುಬೆರಳು 5. ಎಡಗೈ ಹೆಬ್ಬೆರಳು 6, ಕಿರುಬೆರಳು 10. ಎರಡೆರಡು ಬೆರಳಿಗೆ ಒಂದೊಂದು ಬೆಲೆ: 1-2ಕ್ಕೆ 16, 3-4ಕ್ಕೆ 8, 5-6ಕ್ಕೆ 4, 7-8ಕ್ಕೆ 2, 9-10ಕ್ಕೆ 1. ಬೆರಳಲ್ಲಿ ಸುಳಿ (ದುಂಡಗೆ ಸುತ್ತಿದ ಗೆರೆ) ಇದ್ದರೆ ಮಾತ್ರ ಆ ಬೆಲೆ, ಕುಣಿಕೆ (ಬಂದ ಕಡೆಗೇ ತಿರುಗಿ ಹೋಗೋ ಗೆರೆ) ಅಥವಾ ಕಮಾನು (ಒಂದು ಕಡೆಯಿಂದ ಉಬ್ಬಿ ಇನ್ನೊಂದು ಕಡೆಗೆ ಹೋಗೋ ಗೆರೆ) ಇದ್ದರೆ ಸೊನ್ನೆ. ಸಮ ಸಂಖ್ಯೆಯ ಬೆರಳುಗಳ ಮೊತ್ತಕ್ಕೆ 1 ಕೂಡಿ ಮೇಲೆ ಬರೆಯಿರಿ, ಬೆಸ ಸಂಖ್ಯೆಯವುಗಳ ಮೊತ್ತಕ್ಕೆ 1 ಕೂಡಿ ಕೆಳಗೆ.

ಒಬ್ಬ ಹುಡುಗಿಗೆ 1, 4, 7ನೇ ಬೆರಳಲ್ಲಿ ಸುಳಿ ಇದೆ ಅಂದುಕೊಳ್ಳಿ. ಸಮ ಬೆರಳು 4 ಒಂದೇ, 8+1=9. ಬೆಸ ಬೆರಳು 1 ಮತ್ತು 7, 16+2+1=19. ಅವಳ ಚೀಟಿ 9/19ರ ಗೂಡಿಗೆ ಹೋಗುತ್ತೆ. ಒಂದೂ ಸುಳಿ ಇಲ್ಲದವರು 1/1, ಹತ್ತೂ ಸುಳಿ ಇದ್ದವರು 32/32. ಒಟ್ಟು 32 ಗುಣಿಸು 32, ಅಂದರೆ 1,024 ಗೂಡು. ಕಲ್ಕತ್ತೆಯಲ್ಲಿ ಬೀರುವಿನಲ್ಲಿ ಅಷ್ಟೂ ಗೂಡು ಮಾಡಿಸಿಟ್ಟಿದ್ದರು. ಆ 1 ಕೂಡೋದು ಯಾಕೆ ಅಂತ ಮಕ್ಕಳು ಕೇಳೇ ಕೇಳ್ತಾರೆ. ಸೊನ್ನೆಯ ಮೇಲೆ ಸೊನ್ನೆ ಅಂತ ಬರೆಯೋ ಪ್ರಸಂಗ ಬರಬಾರದು ಅಂತ.

ಗೂಡುಗಳು ಸಮವಾಗಿ ತುಂಬಲ್ಲ, ಅದನ್ನೂ ಹೇಳಿ. ನೂರು ಬೆರಳಲ್ಲಿ 60-65 ಕುಣಿಕೆ, 30-35 ಸುಳಿ, ಸುಮಾರು 5 ಕಮಾನು. ಹಾಗಾಗಿ 1/1ರ ಗೂಡು ಬೇಗ ಉಬ್ಬಿಹೋಗುತ್ತೆ. ಅದಕ್ಕೇ ಆಮೇಲೆ ಒಳವರ್ಗೀಕರಣ ಬಂದಿದ್ದು: ಕುಣಿಕೆ ಹೆಬ್ಬೆರಳ ಕಡೆ ತೆರೆದಿದೆಯೋ ಕಿರುಬೆರಳ ಕಡೆಗೋ, ವಿನ್ಯಾಸದ ನಡುಬಿಂದುವಿಂದ, ಗೆರೆಗಳು ಮೂರು ಕಡೆಗೆ ಕವಲೊಡೆಯೋ ಮೂಲೆಬಿಂದುವಿಗೆ ಎಷ್ಟು ಗೆರೆ, ಹೀಗೆ.

ತಿಪಟೂರು ಕೊಬ್ರಿ
ಹಾಗಾದ್ರೆ ಕಳ್ಳ ಬೀರು ಮೇಲೆ ಒಂದೇ ಬೆರಳ ಗುರುತು ಬಿಟ್ಟರೆ ಈ 1,024 ಗೂಡಲ್ಲಿ ಎಲ್ಲಿ ಅಂತ ಹುಡುಕ್ತಾರೆ?

ಹೆಬ್ಬೆಟ್ಟು ಕೋಲಾರ
ಹುಡುಕೋಕೆ ಆಗ್ತಿರಲಿಲ್ಲ! ಹತ್ತು ಬೆರಳೂ ಇದ್ದರೆ ಮಾತ್ರ ಗೂಡಿನ ನಂಬರ್ ಬರೋದು. ಹೆನ್ರಿ ಪದ್ಧತಿ ಹುಟ್ಟಿದ್ದೇ ‘ಇವನು ಹೆಸರು ಬದಲಾಯಿಸಿಕೊಂಡು ಬಂದ ಹಳೇ ಕಳ್ಳನಾ’ ಅಂತ ನೋಡೋಕೆ. ಫ್ರಾನ್ಸಿನ ಪೊಲೀಸ್ ಇಲಾಖೆಯ ಬೆರ್ಟಿಯೋನ್‌ನ 11 ದೇಹದ ಅಳತೆಗಳು ಮಾಡ್ತಿದ್ದ ಕೆಲಸವೂ ಅದೇ. ಅಳೆಯೋ ಕೈ ಬದಲಾದರೆ ಅಳತೆ ಬದಲಾಗ್ತಿತ್ತು, ಬೆರಳು ಬದಲಾಗಲ್ಲ. ಗೆದ್ದಿದ್ದು ಅದಕ್ಕೇ.

1898ರ ಜಲಪೈಗುರಿ ಕೇಸು ತಗೊಳ್ಳಿ. ಚಹಾ ತೋಟದ ಮ್ಯಾನೇಜರ್ ಕೊಲೆ. ಪೆಟ್ಟಿಗೆಯಲ್ಲಿದ್ದ ಬಂಗಾಳಿ ಪಂಚಾಂಗದ ಮೇಲೆ ರಕ್ತದ ಬೆರಳ ಕಲೆ. ಆ ಮ್ಯಾನೇಜರೇ ಹಿಂದೆ ಕಳ್ಳತನದ ಕೇಸಿನಲ್ಲಿ ಜೈಲಿಗೆ ಕಳಿಸಿದ್ದ ಆಳು ಚರಣ್ ಮೇಲೆ ಅನುಮಾನ ಬಂತು. ಅವನ ಹೆಬ್ಬೆರಳ ಅಚ್ಚು ಬ್ಯೂರೋದಲ್ಲಿ ಇತ್ತು, ತೆಗೆದು ಪಕ್ಕದಲ್ಲಿಟ್ಟು ನೋಡಿದರು, ಹೊಂದಿತು. ಅಂದರೆ ಹೆಸರು ಮೊದಲು ಬಂತು, ಬೆರಳು ಆಮೇಲೆ. ಕೋರ್ಟು ಏನು ಮಾಡಿತು ಗೊತ್ತಾ? ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು, ಕೊಲೆ ಆರೋಪದಿಂದ ಬಿಟ್ಟಿತು. ಬೆರಳು ಹೇಳಿದ್ದು ಅವನು ಪಂಚಾಂಗ ಮುಟ್ಟಿದ್ದಾನೆ ಅಂತ. ಕತ್ತಿ ಹಿಡಿದಿದ್ದ ಅಂತ ಹೇಳಲಿಲ್ಲ.

ಒಂಟಿ ಬೆರಳಿಗೆ ಅಂತಲೇ ಬೇರೆ ಕಡತ ಮಾಡೋ ಪದ್ಧತಿ ಬ್ಯಾಟ್ಲಿ ಅನ್ನೋವನಿಂದ 1930ರ ಸುಮಾರಿಗೆ ಲಂಡನ್ನಿನಲ್ಲಿ ಬಂತು. ಅದೂ ಕಂಪ್ಯೂಟರ್ ಬರೋವರೆಗೆ ಕಷ್ಟದ ಕೆಲಸವೇ. ಈಗ ನಮ್ಮಲ್ಲಿ ಬೆರಳಚ್ಚು ಹುಡುಕೋ ರಾಷ್ಟ್ರಮಟ್ಟದ ಕಂಪ್ಯೂಟರ್ ವ್ಯವಸ್ಥೆ ನಾಫಿಸ್ ಇದೆ, 2022ರಿಂದ, ಒಬ್ಬೊಬ್ಬನಿಗೂ 10 ಅಂಕಿಯ ನಂಬರ್. ಅದು ಕೊಡೋದೂ ಹತ್ತಿರದ ಹೋಲಿಕೆಗಳ ಪಟ್ಟಿ ಅಷ್ಟೇ. ಕೊನೆಗೆ ಲೆನ್ಸ್ ಹಿಡಿದು ಕೂತ ತಜ್ಞನೇ ಹೌದು-ಅಲ್ಲ ಹೇಳಬೇಕು.

ಪೌಡರ್ ಡಬ್ಬಿ
ಟೇಬಲ್ ಒಂದಕ್ಕೆ ಕೈಕೆಲಸ ನಾನು ಹೇಳ್ತೀನಿ.

ಬೇಕಾಗಿದ್ದು: ಗಾಜಿನ ಲೋಟ ಅಥವಾ ಕನ್ನಡಿ ತುಂಡು (ಅಂಚು ಉಜ್ಜಿದ್ದು), ಬೀಗಕ್ಕೆ ಹಾಕೋ ಗ್ರಾಫೈಟ್ ಪುಡಿ, ಕೆನ್ನೆಗೆ ಬಣ್ಣ ಹಚ್ಚೋ ಮೆತ್ತನೆ ಬ್ರಷ್, ಎರಡಿಂಚಿನ ಪಾರದರ್ಶಕ ಟೇಪು, ಬಿಳಿ ಕಾರ್ಡು. ಪೆನ್ಸಿಲ್ ಸೀಸ ಅರೆದು ಪುಡಿ ಮಾಡಿದರೆ ಅದರಲ್ಲಿ ಜೇಡಿಮಣ್ಣು ಇರುತ್ತೆ, ಗಾಜಿಗೆಲ್ಲಾ ಮೆತ್ತಿಕೊಳ್ಳುತ್ತೆ.

ಬೆರಳನ್ನ ಮೂಗಿನ ಪಕ್ಕ ಸವರಿ ಗಾಜಿಗೆ ಎರಡು ಸೆಕೆಂಡು ನೇರ ಒತ್ತಿ, ಜಾರಿಸದೆ ಎತ್ತಿ. ಬ್ರಷ್ ತುದಿಗೆ ಚಿಟಿಕೆಗಿಂತ ಕಮ್ಮಿ ಪುಡಿ. ಮೊದಲು ಕಾಗದದ ಮೇಲೆ ಕೊಡವಿ, ಆಮೇಲೆ ಗಾಜಿನ ಮೇಲೆ ಸೋಕಿದೆಯೋ ಇಲ್ಲವೋ ಅನ್ನೋ ಹಾಗೆ ತಿರುಗಿಸಿ. ಗೆರೆ ಕಾಣೋಕೆ ಶುರುವಾದ ತಕ್ಷಣ ಗೆರೆ ಹೋಗೋ ದಿಕ್ಕಿಗೇ ಬ್ರಷ್ ಓಡಿಸಿ, ಸಾಕು ಅನಿಸೋದಕ್ಕಿಂತ ಸ್ವಲ್ಪ ಮುಂಚೆ ನಿಲ್ಲಿಸಿ. ಟೇಪನ್ನ ಒಂದು ತುದಿಯಿಂದ ಬೆರಳಲ್ಲಿ ಒತ್ತುತ್ತಾ ಬನ್ನಿ, ಗಾಳಿಗುಳ್ಳೆ ಬಿದ್ದರೆ ಆ ಜಾಗ ಹೋಯ್ತು. ಎತ್ತಿ ಕಾರ್ಡಿಗೆ ಅಂಟಿಸಿ.

ಕೆಡೋದು ಮೂರು ಕಡೆ. ಪುಡಿ ಜಾಸ್ತಿಯಾದರೆ ಗೆರೆಗಳ ನಡುವಿನ ಸಂದು ತುಂಬಿ ಕಪ್ಪು ಮುದ್ದೆ ಆಗುತ್ತೆ, ಒಂದು ಗೆರೆಯಿಂದ ಇನ್ನೊಂದಕ್ಕೆ ಅರ್ಧ ಮಿಲಿಮೀಟರೂ ಅಂತರ ಇರಲ್ಲ, ನೆನಪಿರಲಿ. ಫ್ರಿಜ್ಜಿಂದ ತೆಗೆದ ಗಾಜಾದರೆ ಬೆವರಿ ಎಲ್ಲಾ ಕಲಸಿಹೋಗುತ್ತೆ. ಇನ್ನು ಬ್ರಷ್ ಮೇಲೆ ಭಾರ ಹಾಕಿದರೆ ಗುರುತೇ ಅಳಿಸುತ್ತೆ.

ಕಾಗದದ ಮೇಲಿನ ಬೆರಳಚ್ಚಿಗೆ ಪುಡಿ ಅಷ್ಟಾಗಿ ಕೆಲಸ ಮಾಡಲ್ಲ, ಬೆವರು ಒಳಗೆ ಇಂಗಿರುತ್ತೆ. ಅದಕ್ಕೆ ನಿನ್‌ಹೈಡ್ರಿನ್ ಅನ್ನೋ ರಾಸಾಯನಿಕ. ಬೆವರಿನ ಅಮೈನೋ ಆಮ್ಲದ ಜೊತೆ ಸೇರಿ ನೇರಳೆ ಬಣ್ಣ ಬರುತ್ತೆ. 1910ರಲ್ಲೇ ರುಹೆಮಾನ್ ಅನ್ನೋ ಕೆಮಿಸ್ಟ್ ಈ ಬಣ್ಣ ನೋಡಿದ್ದ, ಬೆರಳಚ್ಚಿಗೆ ಬಳಸಬಹುದು ಅಂತ ಹೊಳೆಯೋಕೆ 1954 ಬರಬೇಕಾಯ್ತು. ಇದು ಮಕ್ಕಳ ಕೈಗೆ ಬೇಡ. ಹಿಂದಿನ ಕಾಲದ ಬೂದುಪುಡಿಯ ಫೋಟೋ ತೋರಿಸಿದರೆ ಅದು ಪಾದರಸ ಮತ್ತು ಸೀಮೆಸುಣ್ಣದ ಮಿಶ್ರಣ ಅಂತ ಕೆಳಗೆ ಬರೆಸಿ. ದಿನಾ ಅದನ್ನೇ ಉಸಿರಾಡಿದ ಪೊಲೀಸರಿಗೆ ಪಾದರಸದ ವಿಷ ಏರಿದ ದಾಖಲೆ ಇದೆ.

ಶಿಡ್ಲಘಟ್ಟ ರೇಷ್ಮೆ
ಬೆರಳು ಬದಲಾಗಲ್ಲ ಅಂತೀರಿ. ನಮ್ಮೂರಲ್ಲಿ ನೂಲು ಬಿಚ್ಚೋರ ಹೆಬ್ಬೆಟ್ಟು ರೇಷನ್ ಅಂಗಡಿ ಮಿಷನ್ನಿಗೆ ತಿಂಗಳಿಗೊಂದು ಸಲ ಹೊಂದಲ್ಲ. ಇದಕ್ಕೇನು ಹೇಳ್ತೀರಾ?

ಹೆಬ್ಬೆಟ್ಟು ಕೋಲಾರ
ಒಳ್ಳೇ ಪ್ರಶ್ನೆ ಕಣ್ರೀ. ವಿನ್ಯಾಸ ಇರೋದು ಮೇಲ್ಚರ್ಮದಲ್ಲಲ್ಲ, ಅದರ ಬೇರು ಒಳಚರ್ಮದ ಸಣ್ಣ ಸಣ್ಣ ಉಬ್ಬುಗಳಲ್ಲಿ. ಬಿಸಿನೀರಿನ ಬಾಣಲೆಯಲ್ಲಿ ಗೂಡಿನ ಎಳೆ ತೆಗೆಯೋರಿಗೆ ದಿನವಿಡೀ ಚರ್ಮ ನೆನೆದು ಸುಕ್ಕಾಗುತ್ತೆ, ಮೇಲ್ಪದರ ಸವೆಯುತ್ತೆ. ಮಾಲೂರು ಕಡೆ ಇಟ್ಟಿಗೆ-ಹೆಂಚಿನ ಕೆಲಸದವರದ್ದು, ಚಿಕ್ಕಬಳ್ಳಾಪುರದ ಕಲ್ಲು ಕ್ವಾರಿಯವರದ್ದು, ಸಿಮೆಂಟು ಕಲಸೋರದ್ದು ಇದೇ ಪಾಡು. ಮಿಷನ್ನಿಗೆ ಗೆರೆಯ ಎತ್ತರ-ತಗ್ಗು ಸಿಗಲ್ಲ. ಕೆಲಸ ಬಿಟ್ಟು ಕೆಲವು ವಾರ ಇದ್ದರೆ ಅದೇ ವಿನ್ಯಾಸ ಮತ್ತೆ ಮೂಡುತ್ತೆ.

1934ರಲ್ಲಿ ಅಮೆರಿಕದ ದರೋಡೆಕೋರ ಡಿಲಿಂಜರ್ ಬೆರಳ ತುದಿಗೆ ಆಸಿಡ್ ಹಾಕಿಸಿಕೊಂಡಿದ್ದ. ಅವನು ಸತ್ತ ಮೇಲೆ ನೋಡಿದರೆ ಸುಟ್ಟ ಜಾಗದ ಸುತ್ತ ಗೆರೆಗಳು ಉಳಿದೇ ಇದ್ದವು, ಗುರುತು ಹಿಡಿಯೋಕೆ ಅಷ್ಟು ಸಾಕಾಯ್ತು. ಒಳಚರ್ಮದವರೆಗೆ ಆಳವಾದ ಗಾಯ ಆದರೆ ಮಾತ್ರ ಶಾಶ್ವತ ಕಲೆ ಉಳಿಯುತ್ತೆ. ಆ ಕಲೆಯೇ ಒಂದು ಹೊಸ ಗುರುತು!

ಶಿಡ್ಲಘಟ್ಟ ರೇಷ್ಮೆ
ಆಸಿಡ್ ಕಥೆ ಸರಿ, ರೇಷನ್ ಅಕ್ಕಿಗೆ ಕಣ್ಣು ತೋರಿಸೋ ಮಿಷನ್ ಕೊಡ್ಸಿ ಸ್ವಾಮಿ.

ಕೆಮಿಸ್ಟ್ರಿ ಗೌರಿಬಿದನೂರು
ಎರಡನೇ ಟೇಬಲ್. ಮೇಷ್ಟ್ರೇ, ಆರ್ಸೆನಿಕ್ ವಿಷ ಪತ್ತೆ ಮಾಡೋ ಮಾರ್ಷ್ ಪ್ರಯೋಗ ಮಾಡಿ ತೋರಿಸೋ ಯೋಚನೆ ಇದ್ದರೆ ಈಗಲೇ ಬಿಡಿ. ಅದರಲ್ಲಿ ಹುಟ್ಟೋ ಆರ್ಸೀನ್ ಅನಿಲ ಕೊಲ್ಲುತ್ತೆ. ಗಾಜಿನ ಕೊಳವೆಯ ಚಿತ್ರ ಬರೆಸಿ, ಕಥೆ ಹೇಳಿಸಿ. ಕಥೆಯೇ ಬೇಕಾದಷ್ಟಿದೆ.

1833ರಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಬೋಡಲ್ ಅನ್ನೋವನು ತಾತನಿಗೆ ಕಾಫಿಯಲ್ಲಿ ಆರ್ಸೆನಿಕ್ ಹಾಕಿದ ಅಂತ ಕೇಸು. ಜೇಮ್ಸ್ ಮಾರ್ಷ್ ಹೈಡ್ರೋಜನ್ ಸಲ್ಫೈಡ್ ಹಾಯಿಸಿ ಹಳದಿ ಗಸಿ ತೆಗೆದ. ಕೋರ್ಟಿಗೆ ಒಯ್ಯುವಷ್ಟರಲ್ಲಿ ಅದು ಕೆಟ್ಟುಹೋಗಿತ್ತು, ಜ್ಯೂರಿ ನಂಬಲಿಲ್ಲ, ಆರೋಪಿ ಬಿಡುಗಡೆ. ಆ ಸೋಲಿನ ಸಿಟ್ಟಲ್ಲಿ ಕೆಲವು ವರ್ಷ ಕೂತು 1836ರಲ್ಲಿ ಹೊಸ ವಿಧಾನ ತಂದ. ಅನುಮಾನದ ವಸ್ತುವನ್ನ ಸತು ಮತ್ತು ಆಸಿಡ್ ಇರೋ ಫ್ಲಾಸ್ಕಿಗೆ ಹಾಕಿದರೆ ಆರ್ಸೆನಿಕ್ ಅನಿಲವಾಗಿ ಹೊರಬರುತ್ತೆ. ಆ ಅನಿಲ ಉರಿಯೋ ಜ್ವಾಲೆಗೆ ತಣ್ಣನೆ ಪಿಂಗಾಣಿ ಹಿಡಿದರೆ ಕನ್ನಡಿಯಂಥ ಕಪ್ಪು ಹೊಳಪು ಕೂರುತ್ತೆ. ಒಂದು ಮಿಲಿಗ್ರಾಮಿನ ಐವತ್ತನೇ ಒಂದು ಭಾಗ ಇದ್ದರೂ ಸಾಕು. ಆ ಕನ್ನಡಿಯನ್ನ ಜ್ಯೂರಿ ಮುಂದೆ ಇಡಬಹುದು, ಕೆಡಲ್ಲ.

ತೊಂದರೆ ಶುರುವಾಗಿದ್ದು ಅದು ಅಷ್ಟು ಸೂಕ್ಷ್ಮ ಆದ ಮೇಲೆ. ಸತುವಿನಲ್ಲೇ ಆರ್ಸೆನಿಕ್ ಇದ್ದರೆ? ಸಮಾಧಿಯ ಮಣ್ಣಿಂದ ಇಳಿದಿದ್ದರೆ? ಆಂಟಿಮನಿಯೂ ಅಂಥದೇ ಕನ್ನಡಿ ಕೊಡುತ್ತಲ್ಲ? ಕೊನೆಯದಕ್ಕೆ ಉಪಾಯ ಸುಲಭ: ಸೋಡಿಯಂ ಹೈಪೋಕ್ಲೋರೈಟ್ ಹಾಕಿದರೆ ಆರ್ಸೆನಿಕ್ ಕನ್ನಡಿ ಕರಗುತ್ತೆ, ಆಂಟಿಮನಿಯದ್ದು ಕರಗಲ್ಲ. ಮಿಕ್ಕ ಎರಡಕ್ಕೆ ಒಂದೇ ದಾರಿ, ವಸ್ತು ಹಾಕದೆ ಬರೀ ಸತು-ಆಸಿಡ್ ಓಡಿಸಿ ನೋಡು, ಮಣ್ಣನ್ನೂ ತಂದು ನೋಡು. 1840ರಲ್ಲಿ ಫ್ರಾನ್ಸಿನ ಲಫಾರ್ಜ್ ವಿಷದ ಕೇಸಿನಲ್ಲಿ, ಊರಿನ ಕೆಮಿಸ್ಟರು ಒಮ್ಮೆ ಇದೆ ಅಂತ ಒಮ್ಮೆ ಇಲ್ಲ ಅಂತ ಒದ್ದಾಡ್ತಿದ್ದಾಗ ಪ್ಯಾರಿಸ್ಸಿಂದ ಬಂದ ವಿಷತಜ್ಞ ಓರ್ಫಿಲಾ ಅದನ್ನೇ ಮಾಡಿದ್ದು.

1859ರಲ್ಲಿ ಲಂಡನ್ನಿನ ದೊಡ್ಡ ತಜ್ಞ ಟೇಲರ್ ಇದರಲ್ಲೇ ಎಡವಿದ. ಅವನು ಬಳಸಿದ್ದು ತಾಮ್ರದ ಮೇಲೆ ಆರ್ಸೆನಿಕ್ ಕೂರಿಸೋ ರೈನ್ಶ್ ವಿಧಾನ. ಅದರ ತಾಮ್ರದ ಜಾಲರಿಯಲ್ಲೇ ಆರ್ಸೆನಿಕ್ ಇತ್ತು. ಗಲ್ಲುಶಿಕ್ಷೆಯಾಗಿದ್ದ ಡಾಕ್ಟರಿಗೆ ಕ್ಷಮಾದಾನ ಕೊಡಬೇಕಾಯ್ತು.

ಶಿರಾ ಡ್ಯೂಟಿ
ಮಣ್ಣಿನ ನಿಯಮ ಇವತ್ತಿಗೂ ಹಾಗೇ ಇದೆ. ಹೂತ ಹೆಣ ಹೊರತೆಗೆದಾಗ ಹೆಣದ ಮೇಲಿನ, ಕೆಳಗಿನ, ಪಕ್ಕದ ಮಣ್ಣು ಬೇರೆ ಬೇರೆ ಬಾಟಲಿಗೆ, ಸ್ವಲ್ಪ ದೂರದ ಮಣ್ಣು ಇನ್ನೊಂದಕ್ಕೆ. ತಹಶೀಲ್ದಾರ್ ಮಟ್ಟದ ಮ್ಯಾಜಿಸ್ಟ್ರೇಟ್ ಎದುರಿಗೇ ಇರಬೇಕು. ಇಷ್ಟು ವರ್ಷದೊಳಗೆ ಮಾತ್ರ ತೆಗೀಬೇಕು ಅನ್ನೋ ಗಡುವು ನಮ್ಮ ದೇಶದಲ್ಲಿಲ್ಲ.

ವಿಸೆರಾದ್ದೂ, ಅಂದರೆ ಶವಪರೀಕ್ಷೆಯಲ್ಲಿ ವಿಷ ನೋಡೋಕೆ ತೆಗೆಯೋ ಒಳಅಂಗಗಳದ್ದೂ, ಹೇಳಿಬಿಡ್ತೀನಿ. ಒಂದು ಬಾಟಲಿಗೆ ಜಠರ, ಒಳಗಿನದ್ದು ಸಮೇತ, ಅದರ ಜೊತೆ 30 ಸೆಂ.ಮೀ. ಸಣ್ಣ ಕರುಳು. ಇನ್ನೊಂದಕ್ಕೆ 500 ಗ್ರಾಂ ಲಿವರ್, ಎರಡೂ ಕಿಡ್ನಿಯಿಂದ ಅರ್ಧರ್ಧ. ಮೂರನೆಯದಕ್ಕೆ ರಕ್ತ. ಮೊದಲ ಎರಡಕ್ಕೆ ಉಪ್ಪಿನ ಸ್ಯಾಚುರೇಟೆಡ್ ದ್ರಾವಣ, ಅಂದರೆ ಇನ್ನು ಕರಗಲ್ಲ ಅಂತ ತಳದಲ್ಲಿ ಉಪ್ಪು ಉಳಿಯೋವರೆಗೆ. ಬಾಟಲಿ ಮೂರರಲ್ಲಿ ಎರಡು ಭಾಗಕ್ಕಿಂತ ತುಂಬಿಸಬಾರದು. ಕೊಳೆತು ಗ್ಯಾಸ್ ಎದ್ದರೆ ಮುಚ್ಚಳ ಹಾರುತ್ತೆ, ಸೀಲು ಒಡೆದ ಬಾಟಲಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ.

ತಿಪಟೂರು ಕೊಬ್ರಿ
ಫಾರ್ಮಲಿನ್ ಹಾಕಿದ್ರೆ ಇನ್ನೂ ಚೆನ್ನಾಗಿ ಕೆಡದೆ ಇರುತ್ತಲ್ವಾ?

ಶಿರಾ ಡ್ಯೂಟಿ
ಅದೇ ಆಗಬಾರದ್ದು! ಫಾರ್ಮಲಿನ್ ಅಂಗಾಂಶವನ್ನ ಗಟ್ಟಿ ಮಾಡುತ್ತೆ, ವಿಷ ಬೇರ್ಪಡಿಸೋದು ಕಷ್ಟವಾಗುತ್ತೆ, ಡಿಎನ್‌ಎ ಹಾಳು. ಫಾರ್ಮಲಿನ್ ಇರೋದು ಸೂಕ್ಷ್ಮದರ್ಶಕದಲ್ಲಿ ರೋಗ ನೋಡೋಕೆ ಕಳಿಸೋ ತುಂಡಿಗೆ. ಸ್ಪಿರಿಟ್ಟೂ ಎಲ್ಲದಕ್ಕೂ ಆಗಲ್ಲ. ಕುಡಿದು ಸತ್ತ ಅನುಮಾನ ಇದ್ದಾಗ ಸ್ಪಿರಿಟ್ ಹಾಕಿದರೆ ಲ್ಯಾಬಿನವರು ನಿಮ್ಮ ಸ್ಪಿರಿಟ್ಟನ್ನೇ ಅಳೆದು ವರದಿ ಕೊಡ್ತಾರೆ. ಆಲ್ಕೋಹಾಲ್ ನೋಡೋ ರಕ್ತಕ್ಕೆ ಒಂದು ಮಿ.ಲೀ.ಗೆ 10 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್. ಇಲ್ಲದಿದ್ದರೆ ಬಾಟಲಿಯಲ್ಲೇ ಸೂಕ್ಷ್ಮಜೀವಿಗಳು ಆಲ್ಕೋಹಾಲ್ ಮಾಡಿಬಿಡ್ತವೆ. ಬಳಸಿದ ಉಪ್ಪುನೀರಿನ ಮಾದರಿಯನ್ನೂ ಜೊತೆಗೆ ಕಳಿಸಬೇಕು. ಯಾಕೆ ಅಂತ ಮೇಲೆ ಟೇಲರ್ ಸಾಹೇಬರ ತಾಮ್ರ ಓದಿ.

ರಾಬರ್ಟ್‌ಸನ್‌ಪೇಟೆ
ವಿಷ ಅಂದಮೇಲೆ ನಮ್ಮ ಕೆಜಿಎಫ್ ಸೈನೈಡ್ ದಿಬ್ಬ ಬಿಟ್ಟರೆ ಹೇಗೆ? ಅಲ್ಲಿಂದ ಮಣ್ಣು ತಂದು ಟೇಬಲ್ ಮೇಲೆ ಇಡಿ, ಜನ ಮುಗಿಬೀಳ್ತಾರೆ.

ಕೆಮಿಸ್ಟ್ರಿ ಗೌರಿಬಿದನೂರು
ದಯವಿಟ್ಟು ಬೇಡ. ಚಿನ್ನ ಕರಗಿಸೋಕೆ ಗಣಿಯಲ್ಲಿ ಸೈನೈಡ್ ದ್ರಾವಣ ಬಳಸ್ತಿದ್ದದ್ದು ನಿಜ. ಬಿಸಿಲು-ಗಾಳಿಗೆ ಬಿಡಿ ಸೈನೈಡ್ ಕ್ರಮೇಣ ಒಡೆದುಹೋಗುತ್ತೆ ಅನ್ನೋದೂ ನಿಜ. ಆದರೂ ಆ ನಯವಾದ ಧೂಳು ಮಕ್ಕಳ ಶ್ವಾಸಕೋಶಕ್ಕೆ ಹೋಗೋದು ಒಳ್ಳೇದಲ್ಲ. ಶವಪರೀಕ್ಷೆಯಲ್ಲಿ ಸೈನೈಡ್‌ನ ಕಹಿ ಬಾದಾಮಿ ವಾಸನೆ ಬಗ್ಗೆ ಎಲ್ಲರೂ ಹೇಳ್ತಾರೆ. ಅದನ್ನ ಗ್ರಹಿಸೋ ಶಕ್ತಿ ಹುಟ್ಟಿನಿಂದಲೇ ಇಲ್ಲದ ಎಷ್ಟೋ ಜನ ಇದ್ದಾರೆ. ಅಂಥ ಡಾಕ್ಟರು ‘ವಾಸನೆ ಇಲ್ಲ’ ಅಂತ ಬರೆದರೆ ಅದಕ್ಕೆ ಅರ್ಥವೇ ಇಲ್ಲ.

ಪಾವಗಡ ಬಿಸಿಲು
ವಿಷದ ಟೇಬಲ್ಲಿಗೆ ನಮ್ಮ ದೇಶದ್ದೇ ಕೇಸು ಬೇಕಾದರೆ 1933ರ ಹೌರಾ ಪ್ಲೇಗ್ ಕೊಲೆ ಹಾಕಿ. ಪಾಕುಡ್ ಜಮೀನ್ದಾರರ ಮನೆಯ ಅಮರೇಂದ್ರ ಪಾಂಡೆಗೆ ಹೌರಾ ಸ್ಟೇಷನ್ನಿನ ಜನಜಂಗುಳಿಯಲ್ಲಿ ಯಾರೋ ತೋಳಿಗೆ ಚುಚ್ಚಿ ಹೋದರು. ಕೆಲವೇ ದಿನದಲ್ಲಿ ಜ್ವರ ಬಂದು ಸತ್ತ. ಕೇಸು ನಿಂತಿದ್ದು ಒಂದೇ ಒಂದು ವಿಷಯದ ಮೇಲೆ: ಅವನು ಬದುಕಿರುವಾಗಲೇ ಡಾಕ್ಟರು ರಕ್ತ ತೆಗೆದು ಕಲ್ಚರ್‌ಗೆ ಹಾಕಿದ್ದರು, ಅದರಲ್ಲಿ ಪ್ಲೇಗ್ ಬ್ಯಾಕ್ಟೀರಿಯಾ ಬೆಳೆಯಿತು. ಆ ಬ್ಯಾಕ್ಟೀರಿಯಾ ಎಲ್ಲಿಂದ ಬಂತು ಅಂತ ಹಿಂದೆ ಬಿದ್ದರೆ, ಮಲ ಅಣ್ಣನ ಪರಿಚಯದ ಡಾಕ್ಟರೊಬ್ಬ ಬೊಂಬಾಯಿಯ ಆಸ್ಪತ್ರೆಯಲ್ಲಿ ಪ್ಲೇಗ್ ಕಲ್ಚರ್ ಇಟ್ಟುಕೊಂಡು ಇಲಿಗಳ ಮೇಲೆ ಪ್ರಯೋಗ ಮಾಡಿದ್ದ. ಆ ರಕ್ತ ತೆಗೆಯದೆ ಇದ್ದಿದ್ದರೆ ಮಾಮೂಲಿ ಜ್ವರದ ಸಾವು ಅಂತ ಸುಟ್ಟುಬಿಡ್ತಿದ್ದರು.

ಗುಬ್ಬಿ ಗುರು
ಆಸ್ತಿ ಜಗಳಕ್ಕೆ ಪ್ಲೇಗು! ನಮ್ಮ ಕಡೆ ಬದು ಒತ್ತೋದರಲ್ಲೇ ನಿಲ್ತಾರೆ, ಪುಣ್ಯ.

ಎಲೆಅಡಿಕೆ
ರಕ್ತದ ಟೇಬಲ್ಲಿಗೆ ನನ್ನ ಸಲಹೆ: ಬಸ್‌ಸ್ಟ್ಯಾಂಡ್ ಗೋಡೆಯ ಎಲೆಅಡಿಕೆ ಉಗುಳಿನ ಕಲೆ ಮತ್ತು ರಕ್ತದ ಕಲೆ ಪಕ್ಕಪಕ್ಕ. ಒಣಗಿದ ಮೇಲೆ ಎರಡೂ ಒಂದೇ ಕಂದು. ನೋಡಿದ ಕೂಡಲೇ ‘ರಕ್ತ’ ಅಂತ ಮಹಜರಿಗೆ ಬರೆಯಬಾರದು, ‘ರಕ್ತದಂತೆ ಕಾಣುವ ಕಲೆ’ ಅಂತಲೇ ಬರೆಯೋದು ಅದಕ್ಕೆ.

ಕಲೆ ರಕ್ತದ್ದಾ ಅಂತ ನೋಡೋಕೆ ಮೊದಲ ಹಂತ ಕ್ಯಾಸ್ಟಲ್-ಮೇಯರ್ ಪರೀಕ್ಷೆ. ಕಲೆಯನ್ನ ಹತ್ತಿಕಡ್ಡಿಯಲ್ಲಿ ಒರೆಸಿ, ಒಂದು ಹನಿ ಸ್ಪಿರಿಟ್, ಆಮೇಲೆ ಒಂದು ಹನಿ ಬಣ್ಣ ತೆಗೆದ ಫಿನಾಫ್ತಲೀನ್ ದ್ರಾವಣ. ಇಲ್ಲಿ ನಿಲ್ಲಿ! ಈಗಲೇ ಗುಲಾಬಿ ಆದರೆ ಅದು ರಕ್ತವಲ್ಲ, ತುಕ್ಕೋ ಬ್ಲೀಚೋ ಇನ್ಯಾವುದೋ ಆಕ್ಸಿಡೀಕರಣ ಮಾಡೋ ವಸ್ತು. ಬಣ್ಣ ಬರದಿದ್ದರೆ ಮಾತ್ರ ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್. ಸುಮಾರು 15 ಸೆಕೆಂಡಿನೊಳಗೆ ಗಾಢ ಗುಲಾಬಿ ಬಂದರೆ ರಕ್ತ ಇರಬಹುದು. ಗಮನಿಸಿ, ‘ಇರಬಹುದು’. ಒಂದೆರಡು ನಿಮಿಷ ಬಿಟ್ಟು ಬಂದ ಗುಲಾಬಿಗೆ ಬೆಲೆಯಿಲ್ಲ, ಗಾಳಿಗೇ ಅದು ಬಣ್ಣಕ್ಕೆ ತಿರುಗುತ್ತೆ. ಮೂಲಂಗಿ, ಆಲೂಗಡ್ಡೆ ರಸವೂ ಗುಲಾಬಿ ಕೊಡುತ್ತೆ, ಗಿಡಗಳ ಪೆರಾಕ್ಸಿಡೇಸ್‌ನಿಂದ. ಮಾದರಿ ಕುದಿಸಿದರೆ ಗಿಡದ್ದು ಸಾಯುತ್ತೆ, ರಕ್ತದ ಕೆಂಪು ಅಂಶ ಹೀಮ್ ಕೆಲಸ ಮಾಡ್ತಾನೇ ಇರುತ್ತೆ.

ಖಚಿತಕ್ಕೆ 1853ರ ಟೈಕ್‌ಮನ್ ಹರಳು: ಕಲೆಗೆ ಉಪ್ಪು, ಗ್ಲೇಶಿಯಲ್ ಅಸಿಟಿಕ್ ಆಸಿಡ್ ಹಾಕಿ ಬಿಸಿ ಮಾಡಿದರೆ ಸೂಕ್ಷ್ಮದರ್ಶಕದಲ್ಲಿ ಕಂದು ಓರೆ ಹರಳು ಕಾಣುತ್ತೆ. ಎಲೆಅಡಿಕೆಗೆ ಬರೋದಿಲ್ಲ. ಇದೂ ಕುರಿ ರಕ್ತವೋ ಮನುಷ್ಯನದ್ದೋ ಹೇಳಲ್ಲ. ಅದಕ್ಕೆ 1901ರಲ್ಲಿ ಉಲೆನ್‌ಹುತ್‌ನ ಪ್ರೆಸಿಪಿಟಿನ್ ಪರೀಕ್ಷೆ ಬಂತು. ಮನುಷ್ಯನ ರಕ್ತಸಾರ ಚುಚ್ಚಿದ ಮೊಲದ ಸೀರಂ, ಮನುಷ್ಯನ ರಕ್ತ ಸಿಕ್ಕರೆ ಮಾತ್ರ ಬಿಳಿ ಗಸಿ ಕೊಡುತ್ತೆ. ಬಾಡೂಟದ ಮಾರನೇ ದಿನ ‘ಕುರಿ ಕೊಯ್ದಿದ್ದು ಸಾರ್’ ಅನ್ನೋ ಸಮಜಾಯಿಷಿ ಅಲ್ಲಿಗೆ ಮುಗೀತು. ಪ್ರದರ್ಶನಕ್ಕೆ ಮನುಷ್ಯನ ರಕ್ತ ಬೇಡ, ಮಟನ್ ಅಂಗಡಿಯದ್ದು ಒಂದು ಹನಿ ಸಾಕು, ಕೈಗವಸು ಹಾಕಿಸಿ.

ಲೆಕ್ಕದ ಮೇಡಂ, ಚಿಂತಾಮಣಿ
ಡಿಎನ್‌ಎ ಬಂದಮೇಲೆ ಇವೆಲ್ಲ ಹಳೇ ಕಥೆ ಅಲ್ವಾ?

ಶಿರಾ ಡ್ಯೂಟಿ
ಅಲ್ಲವೇ ಅಲ್ಲ ಮೇಡಂ. ಡಿಎನ್‌ಎಗೆ ಕಳಿಸೋ ಮುಂಚೆ ಅದು ರಕ್ತವಾ ಅಂತ ನೋಡಲೇಬೇಕು. ಒದ್ದೆ ಬಟ್ಟೆಯನ್ನ ಪ್ಲಾಸ್ಟಿಕ್ ಕವರಿಗೆ ತುರುಕಿ ಎರಡು ವಾರ ಇಟ್ಟರೆ ಬೂಷ್ಟು ಹಿಡಿದು ಡಿಎನ್‌ಎ ತುಂಡಾಗುತ್ತೆ. ನೆರಳಲ್ಲಿ ಒಣಗಿಸಿ, ಬಿಸಿಲಲ್ಲಿ ಬೇಡ, ಕಾಗದದ ಕವರಿಗೆ ಹಾಕಬೇಕು. ಒಂದೊಂದು ಬಟ್ಟೆಗೂ ಬೇರೆ ಕವರು. ಹೋಲಿಸೋಕೆ ತೆಗೆಯೋ ರಕ್ತ, ಹೆಪ್ಪುಗಟ್ಟದ ಹಾಗೆ ಇಡಿಟಿಎ ಹಾಕಿದ ಟ್ಯೂಬಿಗೆ. ಅದೇ ಕೆಲಸಕ್ಕೆ ಹೆಪಾರಿನ್ ಹಾಕಿದ ಟ್ಯೂಬಿನದ್ದು, ಡಿಎನ್‌ಎ ನಕಲು ಹೆಚ್ಚಿಸೋ ಪಿಸಿಆರ್‌ಗೆ ಅಡ್ಡಿ ಮಾಡುತ್ತೆ.

ಮುಳಬಾಗಿಲು ವಕೀಲ
ಡಿಎನ್‌ಎ ಮೊದಲ ಕ್ರಿಮಿನಲ್ ಕೇಸೇ ಒಬ್ಬ ನಿರಪರಾಧಿಯನ್ನ ಬಿಡಿಸಿದ್ದು. ಇದನ್ನ ಚಾರ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿ. ಇಂಗ್ಲೆಂಡಿನ ಲೆಸ್ಟರ್‌ಶೈರ್, 1983 ಮತ್ತು 1986ರಲ್ಲಿ ಇಬ್ಬರು ಹುಡುಗಿಯರ ಕೊಲೆ. 17 ವರ್ಷದ ಹುಡುಗನೊಬ್ಬ ಒಂದು ಕೊಲೆ ಒಪ್ಪಿಕೊಂಡೂ ಬಿಟ್ಟಿದ್ದ. ಡಿಎನ್‌ಎ ಗುರುತಿನ ವಿಧಾನ ಕಂಡುಹಿಡಿದ ಅಲೆಕ್ ಜೆಫ್ರೀಸ್ ಪರೀಕ್ಷೆ ಮಾಡಿದರೆ ಎರಡೂ ಒಬ್ಬನದ್ದೇ ಕೆಲಸ, ಆದರೆ ಈ ಹುಡುಗನದ್ದಲ್ಲ. ಆಮೇಲೆ ಸುತ್ತಲಿನ ಹಳ್ಳಿಗಳ ಸುಮಾರು 5,000 ಗಂಡಸರ ರಕ್ತ ತೆಗೆದರು, ಯಾರದ್ದೂ ಹೊಂದಲಿಲ್ಲ. ಕೊನೆಗೆ ಕಾಲಿನ್ ಪಿಚ್‌ಫೋರ್ಕ್ ಸಿಕ್ಕಿದ್ದು ಅವನ ಬದಲು ರಕ್ತ ಕೊಟ್ಟಿದ್ದ ಸಹೋದ್ಯೋಗಿ ಪಬ್ಬಿನಲ್ಲಿ ಬಾಯಿಬಿಟ್ಟಿದ್ದಕ್ಕೆ. 1988ರಲ್ಲಿ ಜೀವಾವಧಿ ಶಿಕ್ಷೆಯಾಯ್ತು.

ನಮ್ಮ ದೇಶದ್ದು ಬೇಕಾದರೆ ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ಡಿಎನ್‌ಎ ವಿಜ್ಞಾನಿ ಲಾಲ್‌ಜಿ ಸಿಂಗ್. ಅವರು ಬಳಸಿದ, ಹೊಂದೋ ಡಿಎನ್‌ಎಗೆ ಅಂಟಿಕೊಂಡು ಗುರುತು ತೋರಿಸೋ ಬಿಕೆಎಂ ಪ್ರೋಬ್‌ನ ಮೂಲ ಬ್ಯಾಂಡೆಡ್ ಕ್ರೇಟ್ ಅನ್ನೋ ಹಾವಿನ ಡಿಎನ್‌ಎ!

ಗುಬ್ಬಿ ಗುರು
ವಿಜ್ಞಾನ ಸುಳ್ಳು ಹೇಳಲ್ಲ, ಸಾಕ್ಷಿ ಹೇಳೋ ಮನುಷ್ಯನೇ ಸುಳ್ಳು ಹೇಳೋದು. ಚಾರ್ಟಿನ ತಲೆಬರಹ ಇದೇ ಇರಲಿ.

ಕೆಮಿಸ್ಟ್ರಿ ಗೌರಿಬಿದನೂರು
ಈ ತಲೆಬರಹ ಹಾಕಿದರೆ ನಾನು ಬಂದು ಹರಿದುಹಾಕ್ತೀನಿ 😀 2015ರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ತನ್ನದೇ ಕೂದಲು ತಜ್ಞರ ಹಳೇ ಸಾಕ್ಷ್ಯ ತಿರುಗಿ ನೋಡಿತು. ಆರೋಪಿಗೆ ವಿರುದ್ಧವಾಗಿ ಹೇಳಿದ 268 ವಿಚಾರಣೆಗಳಲ್ಲಿ 257ರಲ್ಲಿ ತಪ್ಪು ಹೇಳಿಕೆ ಇತ್ತು. ‘ಹೋಲುತ್ತದೆ’ ಅನ್ನಬೇಕಾದ ಕಡೆ ‘ಇವನದೇ’ ಅಂದಿದ್ದರು. 2004ರ ಮ್ಯಾಡ್ರಿಡ್ ರೈಲು ಸ್ಫೋಟದಲ್ಲಿ ಬ್ಯಾಗಿನ ಮೇಲಿನ ಬೆರಳಚ್ಚನ್ನ ಅದೇ ಎಫ್‌ಬಿಐ ಒರೆಗಾನ್‌ನ ಒಬ್ಬ ವಕೀಲನದ್ದು ಅಂದಿತು, ಒಳಗೂ ಹಾಕಿತು. ಸ್ಪೇನ್ ಪೊಲೀಸರು ಅದು ಬೇರೆಯವನದ್ದು ಅಂತ ತೋರಿಸಿದ ಮೇಲೆ ಕ್ಷಮೆ ಕೇಳಿತು. ಕಂಪ್ಯೂಟರ್ ಕೊಟ್ಟ ಪಟ್ಟಿಯಲ್ಲಿ ಅವನ ಹೆಸರಿತ್ತು, ಮೊದಲ ತಜ್ಞ ಹೌದು ಅಂದ, ಅದನ್ನ ಕೇಳಿಸಿಕೊಂಡು ನೋಡಿದ ಎರಡನೆಯವನೂ ಹೌದು ಅಂದ. ಮೊದಲನೆಯವನ ಉತ್ತರ ಗೊತ್ತಿಲ್ಲದವನ ಕೈಲಿ ಎರಡನೇ ಸಲ ನೋಡಿಸಬೇಕು ಅನ್ನೋ ಒತ್ತಾಯ ಹುಟ್ಟಿದ್ದು ಇಂಥದ್ದರಿಂದಲೇ.

ಗುಬ್ಬಿ ಗುರು
ಹರಿಯೋದು ಬೇಡ ಸಾರ್, ತಲೆಬರಹ ವಾಪಸ್.

ಪೌಡರ್ ಡಬ್ಬಿ
ಇನ್ನೊಂದು ಟೇಬಲ್ ಜಾಗ ಇದ್ದರೆ ಚಪ್ಪಲಿ ಗುರುತಿನ ಅಚ್ಚು ತೆಗೆಸಿ, ಮಕ್ಕಳಿಗೆ ಭಾರಿ ಖುಷಿ. ಒಂದು ಟ್ರೇಯಲ್ಲಿ ಕೆಮ್ಮಣ್ಣು, ಸ್ವಲ್ಪ ನೀರು ಚಿಮುಕಿಸಿ ಒತ್ತಿ. ಹಲ್ಲಿನ ಡಾಕ್ಟರು ಬಳಸೋ ಡೆಂಟಲ್ ಸ್ಟೋನ್ ಒಂದು ಕೆಜಿಗೆ 350-400 ಮಿ.ಲೀ. ನೀರು, ಜಿಪ್ ಕವರಿನಲ್ಲೇ ಹಿಸುಕಿ ಕಲಸಿ, ದೋಸೆಹಿಟ್ಟಿನ ಹದ ಬರಲಿ. ನೇರ ಗುರುತಿನ ಮೇಲೆ ಸುರಿದರೆ ಗುರುತು ಕೊಚ್ಚಿಹೋಗುತ್ತೆ, ಪಕ್ಕದ ನೆಲಕ್ಕೆ ಸುರಿದು ತಾನಾಗಿ ಹರಿದು ಬರೋಕೆ ಬಿಡಿ. ಅರ್ಧ ಗಂಟೆ ಮುಟ್ಟಬೇಡಿ. ಒಣ ಧೂಳಿನ ಮೇಲೆ ತೆಗೀಬೇಕಾದರೆ ಮೊದಲು ಹೇರ್ ಸ್ಪ್ರೇ, ಅದೂ ದೂರದಿಂದ ಮೇಲಕ್ಕೆ ಹೊಡೆದು ಕೆಳಗಿಳಿಯೋ ಹಾಗೆ. ಸಾಮಾನ್ಯ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಗಿರುತ್ತೆ, ಮಣ್ಣು ತೊಳೆಯೋವಾಗ ಅಂಚು ಸವೆಯುತ್ತೆ.

ತಿಪಟೂರು ಕೊಬ್ರಿ
ಮಂಪರು ಪರೀಕ್ಷೆ ಬಗ್ಗೆ ಯಾರೂ ಹೇಳಲೇ ಇಲ್ಲ. ಟೀವಿಯಲ್ಲಿ ಬೆಂಗಳೂರು ಅಂದ್ರೆ ಅದೇ ಫೇಮಸ್ ಆಗಿತ್ತಲ್ಲ ಒಂದು ಕಾಲದಲ್ಲಿ.

ಮುಳಬಾಗಿಲು ವಕೀಲ
ಅದಕ್ಕೆ ತೆರೆ ಬಿದ್ದಿದ್ದೂ ನಮ್ಮ ರಾಜ್ಯದ ಹೆಸರಿರೋ ಕೇಸಿನಲ್ಲೇ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010. ಒಪ್ಪಿಗೆ ಇಲ್ಲದೆ ಮಂಪರು, ಸುಳ್ಳು ಪತ್ತೆಯ ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಮಾಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಬೆರಳಚ್ಚಿಗೆ ಆ ತಡೆ ಇಲ್ಲ. 1961ರ ಕಾಥಿ ಕಾಲು ಕೇಸಿನಲ್ಲೇ 11 ನ್ಯಾಯಮೂರ್ತಿಗಳ ಪೀಠ ಇತ್ಯರ್ಥ ಮಾಡಿದೆ: ಬೆರಳೊತ್ತಿ ಕೊಡೋದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ.

ಹೊಸ ಕಾನೂನಿನ ಬಗ್ಗೆ ಕೇಳಿದರೆ ಮಕ್ಕಳಿಗೆ ಇಷ್ಟು ಗೊತ್ತಿರಲಿ: 2024ರ ಜುಲೈ 1ರಿಂದ ಜಾರಿಯಾದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 176(3)ರ ಪ್ರಕಾರ, 7 ವರ್ಷ ಅಥವಾ ಮೇಲ್ಪಟ್ಟು ಶಿಕ್ಷೆ ಇರೋ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ವಿಡಿಯೋ ಆಗಬೇಕು. ಜಾರಿಗೆ ರಾಜ್ಯಗಳಿಗೆ 5 ವರ್ಷ ಕಾಲಾವಕಾಶ ಇದೆ.

ಶಿರಾ ಡ್ಯೂಟಿ
ತಜ್ಞರು ಬರೋವರೆಗೆ ಬೀಟ್‌ನವರು ಮಾಡಬೇಕಾದ್ದು ಹಗ್ಗ ಕಟ್ಟಿ ಜನರನ್ನ ಆಚೆ ನಿಲ್ಲಿಸೋದು ಒಂದೇ. ಊರಿನವರೆಲ್ಲ ಒಳಗೆ ಹೋಗಿ ನೋಡಿ ಬಂದ ಮೇಲೆ ಪೌಡರು ಹಾಕಿದರೆ ಸಿಗೋದು ಊರಿನವರ ಬೆರಳಚ್ಚೇ.

ಕ್ಯಾತ್ಸಂದ್ರ ಮೇಷ್ಟ್ರು
ಎಲ್ಲರಿಗೂ ಥ್ಯಾಂಕ್ಸ್. ಗೂಡಿನ ಲೆಕ್ಕ, ಗ್ರಾಫೈಟ್, ಚಪ್ಪಲಿ ಅಚ್ಚು ಮಾಡಿಸ್ತೀನಿ. ವಿಷ ಬರೀ ಚಿತ್ರ. ಹತ್ತು ಬೆರಳು ತೆಗೆಯೋಕೆ ಸ್ಟಾಂಪ್ ಪ್ಯಾಡ್ ಶಾಯಿ ಆಗುತ್ತಾ?

ಹೆಬ್ಬೆಟ್ಟು ಕೋಲಾರ
ಆಗುತ್ತೆ, ಆದರೆ ಕಾಗದದಲ್ಲಿ ಹರಡಿ ಗೆರೆ ಅಂಟಿಕೊಳ್ಳುತ್ತೆ. ಪ್ರಿಂಟಿಂಗ್ ಪ್ರೆಸ್ಸಿನ ಕಪ್ಪು ಶಾಯಿ ಬಟಾಣಿ ಗಾತ್ರದಷ್ಟು ಇಸ್ಕೊಳ್ಳಿ. ಗಾಜಿನ ಹಲಗೆ ಮೇಲೆ ರಬ್ಬರ್ ರೋಲರಿನಲ್ಲಿ, ಕೆಳಗಿಟ್ಟ ಪೇಪರಿನ ಅಕ್ಷರ ಮಬ್ಬಾಗಿ ಕಾಣೋಷ್ಟು ತೆಳ್ಳಗೆ ಹರಡಿ. ಉಗುರಿನ ಒಂದು ಅಂಚಿಂದ ಇನ್ನೊಂದು ಅಂಚಿನವರೆಗೆ ಒಂದೇ ಸಲ ಹೊರಳಿಸಬೇಕು, ಹಿಂದೆಮುಂದೆ ಮಾಡಬಾರದು. ಹೆಬ್ಬೆರಳು ಮೈ ಕಡೆಗೆ, ಮಿಕ್ಕ ಬೆರಳು ಮೈಯಿಂದ ಆಚೆಗೆ. ಹುಡುಗರು ತಾವೇ ಒತ್ತೋಕೆ ಬಿಡಬೇಡಿ, ಜೋರು ಹಾಕ್ತಾರೆ. ಇನ್ನೊಬ್ಬರು ಕೈ ಹಿಡಿದು ಹೊರಳಿಸಬೇಕು. ಕೈ ತೊಳೆಯೋಕೆ ಸೀಮೆಎಣ್ಣೆ ಬೇಡ, ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿ ಆಮೇಲೆ ಸೋಪು.

ತಿಪಟೂರು ಕೊಬ್ರಿ
ಕೊಬ್ಬರಿ ಎಣ್ಣೆ ಎಷ್ಟು ಬೇಕು ಹೇಳಿ ಮೇಷ್ಟ್ರೇ, ನಮ್ಮ ಕಡೆಯಿಂದ ಕಳಿಸ್ತೀವಿ.